ಹೊಗೆ ಮುಟ್ಟದ ಲೀಕು

ಪೆಟ್ರೋಲ್ ಎಂಜಿನ್ ಎಲ್ಲೋ ಗಾಳಿ ಎಳೆಯುತ್ತಿದೆ ಎಂಬ ಅನುಮಾನ ಬಂದರೆ ಸಾಕು, ದೊಡ್ಡ ಗ್ಯಾರೇಜುಗಳಲ್ಲಿ ಈಗ ಒಂದೇ ಮಂತ್ರ: ‘ಸ್ಮೋಕ್ ಟೆಸ್ಟ್ ಮಾಡಿಬಿಡೋಣ ಸಾರ್’. ಇನ್‌ಟೇಕ್ ಪೈಪಿನ ಬಾಯಿ ಮುಚ್ಚಿ, ಮಿನರಲ್ ಆಯಿಲ್ ಕಾಯಿಸಿದ ಹೊಗೆಯನ್ನು ತೀರಾ ಕಡಿಮೆ ಒತ್ತಡದಲ್ಲಿ ಒಳಗೆ ಬಿಡುತ್ತಾರೆ. ಬಿರುಕಿದ್ದಲ್ಲಿ ಹೊಗೆ ಏಳುತ್ತದೆ. ನೋಡಲು ಚೆಂದ, ಗಿರಾಕಿಗೆ ತೋರಿಸಿ ಬಿಲ್ ಬರೆಯಲು ಇನ್ನೂ ಚೆಂದ. ಈ ಚೆಂದದಿಂದಲೇ ಅದಕ್ಕೆ ಯೋಗ್ಯತೆ ಮೀರಿದ ಹೆಸರು ಬಂದಿದೆ ಎಂಬುದು ನನ್ನ ತಕರಾರು. ಒಡೆದ ರಬ್ಬರ್ ಪೈಪು, ಸಡಿಲವಾದ ಕ್ಲಾಂಪು, ಹಾಳಾದ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ಟನ್ನು ಅದು ಹಿಡಿದುಕೊಡುತ್ತದೆ, ಒಪ್ಪಿದೆ.

ಆದರೆ ಬ್ರೇಕ್ ಬೂಸ್ಟರ್ ವಿಷಯಕ್ಕೆ ಬನ್ನಿ. ಪೆಡಲನ್ನು ಹಗುರ ಮಾಡುವ ಆ ದುಂಡು ಡಬ್ಬಿ ನಡೆಯುವುದು ಮ್ಯಾನಿಫೋಲ್ಡಿನ ವ್ಯಾಕ್ಯೂಮ್‌ನಿಂದ. ಎರಡರ ನಡುವಿನ ಪೈಪಿನಲ್ಲಿ ಒಂದು ಒಮ್ಮುಖ ವಾಲ್ವ್ ಇದೆ. ಬೂಸ್ಟರಿನಿಂದ ಎಂಜಿನ್ನಿಗೆ ಗಾಳಿ ಹೋಗಬಹುದು, ವಾಪಸ್ ಬರುವಂತಿಲ್ಲ; ಎಂಜಿನ್ ನಿಂತ ಮೇಲೂ ಒಂದೆರಡು ಸಲ ಬ್ರೇಕ್ ಹಿಡಿಯಲಿ ಎಂದು ಈ ಏರ್ಪಾಡು. ಹೊಗೆಯಂತ್ರ ಕೆಲಸ ಮಾಡುವುದು ಎಂಜಿನ್ ಆಫ್ ಆಗಿದ್ದಾಗ, ಅದೂ ಮ್ಯಾನಿಫೋಲ್ಡಿನ ಕಡೆಯಿಂದ ಹೊರಕ್ಕೆ ಒತ್ತುತ್ತ. ಆ ಒತ್ತಡಕ್ಕೆ ವಾಲ್ವ್ ಮುಚ್ಚಿಕೊಳ್ಳುತ್ತದೆ. ಬೂಸ್ಟರಿನ ಡಯಾಫ್ರಾಮ್ ಹರಿದು ಎಂಜಿನ್ ಅಲ್ಲಿಂದಲೇ ಗಾಳಿ ಕುಡಿಯುತ್ತಿದ್ದರೂ ಹೊಗೆ ಅಲ್ಲಿಗೆ ತಲುಪುವುದಿಲ್ಲ. ‘ಲೀಕ್ ಇಲ್ಲ’ ಎಂದು ಷರಾ ಬೀಳುತ್ತದೆ. ಅದೇ ಕಾರನ್ನು ಐಡ್ಲಿಂಗ್‌ನಲ್ಲಿ ಬಿಟ್ಟು, ಬೂಸ್ಟರಿನ ರಬ್ಬರ್ ಪೈಪಿಗೆ ಬಟ್ಟೆ ಸುತ್ತಿ ಇಕ್ಕಳದಿಂದ ಅದುಮಿ ನೋಡಿ. ದೋಷ ಅಲ್ಲಿದ್ದರೆ ನಡುಗುತ್ತಿದ್ದ ಎಂಜಿನ್ ಕೂಡಲೇ ಸಮವಾಗುತ್ತದೆ. (ಪ್ಲಾಸ್ಟಿಕ್ ಪೈಪಾದರೆ ಅದುಮಬೇಡಿ, ಒಡೆದೀತು; ಬಿಚ್ಚಿ ಮ್ಯಾನಿಫೋಲ್ಡಿನ ಕಡೆಯ ಬಾಯಿಗೆ ಬಿರಡೆ ಹಾಕಿ.)

ಇದನ್ನು ಕೇಳಿ ಕಾರ್ಬ್ ಕ್ಲೀನರ್ ಪಂಥದವರು ಹಿಗ್ಗಬೇಕಿಲ್ಲ. ಸ್ಪ್ರೇ ಹೊಡೆದಲ್ಲಿ ಆರ್‌ಪಿಎಂ ಬದಲಾದರೆ ಅದೇ ತೂತು ಎಂಬ ಅವರ ಸೂತ್ರ ಕಾರ್ಬ್ಯುರೇಟರ್ ಕಾಲಕ್ಕೆ ಸರಿಯಿತ್ತು. ಈಗ ಐಡ್ಲಿಂಗ್ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರಿನ ಕೈಯಲ್ಲಿದೆ. ಸಣ್ಣ ಏರಿಳಿತವನ್ನು ಅದೇ ಸರಿದೂಗಿಸಿ ಮುಚ್ಚಿಹಾಕುತ್ತದೆ. ಸ್ಪ್ರೇ ತೇಲಿ ಏರ್ ಫಿಲ್ಟರಿಗೆ ಹೋದರೆ ಇಲ್ಲದ ಲೀಕೂ ಕಂಡೀತು. ಬೂಸ್ಟರಿನ ಒಳಗಂತೂ ಅದೂ ಹೋಗದು. ಕಾದ ಎಗ್ಸಾಸ್ಟ್ ಪಕ್ಕದಲ್ಲಿ ಬೆಂಕಿ ಹತ್ತುವ ದ್ರವ ಎರಚುವುದನ್ನು ‘ಅನುಭವದ ವಿದ್ಯೆ’ ಎಂದು ಹೊಗಳುವವರ ಗ್ಯಾರೇಜಿನಲ್ಲಿ ನಾನು ಕಾರು ನಿಲ್ಲಿಸುವುದಿಲ್ಲ. ಇನ್ನು ವ್ಯಾಕ್ಯೂಮ್ ಗೇಜ್ ಹಿಡಿದ ಪಂಡಿತರು. ಅವರ ಪುಸ್ತಕದ 18ರಿಂದ 21 ಇಂಚು ಸಮುದ್ರಮಟ್ಟದ ಲೆಕ್ಕ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಮುಳ್ಳು ಮೂರು ಇಂಚು ಕೆಳಗೆ ನಿಲ್ಲುವುದೇ ಸಹಜ. ಇದು ತಿಳಿಯದೆ ಗಟ್ಟಿಮುಟ್ಟಾದ ಎಂಜಿನ್ನಿಗೂ ರೋಗ ಅಂಟಿಸುತ್ತಾರೆ.

ಇವರೆಲ್ಲ ಕಡೆಗಣಿಸಿರುವುದು ಸ್ಕ್ಯಾನರಿನಲ್ಲಿ ಆಗಲೇ ಕಾಣುತ್ತಿರುವ ಫ್ಯುಯೆಲ್ ಟ್ರಿಮ್, ಅಂದರೆ ಮಿಶ್ರಣ ಸರಿದೂಗಿಸಲು ಇಸಿಯು ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚಿಸಿದೆ ಅಥವಾ ತಗ್ಗಿಸಿದೆ ಎಂಬ ಲೆಕ್ಕ. ಪಿ0171 ಕೋಡ್ ಬಂದರೆ ಮಿಶ್ರಣದಲ್ಲಿ ಪೆಟ್ರೋಲ್ ಸಾಲದು ಎಂದಷ್ಟೇ ಅರ್ಥ, ಏಕೆ ಎಂದಲ್ಲ. ಒಳಬರುವ ಗಾಳಿಯನ್ನು ಅಳೆಯುವ ಮಾಫ್ ಸೆನ್ಸರ್ ಇರುವ ಕಾರಿನಲ್ಲಿ ಐಡ್ಲಿಂಗ್‌ನ ಟ್ರಿಮ್ ನೋಡಿ, ಆಮೇಲೆ 2,500 ಆರ್‌ಪಿಎಂಗೆ ಏರಿಸಿ. ಐಡ್ಲಿಂಗ್‌ನಲ್ಲಿ ಥ್ರಾಟಲ್ ಹೆಚ್ಚುಕಡಿಮೆ ಮುಚ್ಚಿರುವುದರಿಂದ ಲೆಕ್ಕ ತಪ್ಪಿಸಿ ನುಗ್ಗುವ ಗಾಳಿಯ ಪಾಲು ದೊಡ್ಡದು. ಥ್ರಾಟಲ್ ತೆರೆದಂತೆ ಆ ಪಾಲು ಕರಗುತ್ತದೆ. ಶೇ 20ರಷ್ಟಿದ್ದ ಟ್ರಿಮ್ ಶೇ 5ಕ್ಕೆ ಇಳಿದರೆ ಲೀಕನ್ನೇ ಹುಡುಕಬೇಕು. ಇಳಿಯದೆ ಏರಿದರೆ ಫ್ಯುಯೆಲ್ ಪಂಪು, ಫಿಲ್ಟರು ಅಥವಾ ಕೊಳೆ ಹಿಡಿದ ಮಾಫ್ ಸೆನ್ಸರ್ ಕಡೆ ತಿರುಗಬೇಕು. ಹೊಗೆಯ ಖರ್ಚು ದಂಡ.

ಮ್ಯಾಪ್ ಸೆನ್ಸರ್ ಇರುವ ಕಾರಿನಲ್ಲಿ ಈ ಉಪಾಯ ಅಷ್ಟು ಸಲೀಸಲ್ಲ. ಅದು ಮ್ಯಾನಿಫೋಲ್ಡಿನ ಒತ್ತಡವನ್ನೇ ಅಳೆಯುವುದರಿಂದ ಲೀಕಾದ ಗಾಳಿಯೂ ಲೆಕ್ಕಕ್ಕೆ ಸೇರಿ, ಅದಕ್ಕೆ ತಕ್ಕ ಪೆಟ್ರೋಲೂ ಬೀಳುತ್ತದೆ. ಟ್ರಿಮ್ ಸುಮ್ಮನಿದ್ದು ಐಡ್ಲಿಂಗ್ ಮಾತ್ರ ಮೇಲೇರಿ ಕೂತಿರಬಹುದು. ಅಲ್ಲಿ ಮತ್ತೆ ಒಂದೊಂದೇ ಪೈಪು ಅದುಮುತ್ತ ಹೋಗಬೇಕು. ಅಷ್ಟಾದರೂ ಜಾಗ ಸಿಗದಿದ್ದರೆ ಹೊಗೆ ಬಿಡಲಿ, ಅದರ ದುಡ್ಡನ್ನೂ ಆಗ ಕೇಳಲಿ.