ಕಣ್ತೆರೆದ ರೋಗಿ, ಬಗ್ಗದ ಬ್ಯಾಕ್ಟೀರಿಯಾ

ಸ್ಟೆಫನಿ ಸ್ಟ್ರಾಥ್‌ಡೀ ತಮ್ಮ ಪತಿ ಟಾಮ್ ಪ್ಯಾಟರ್ಸನ್ ಜೊತೆ ಬರೆದ ‘ದಿ ಪರ್ಫೆಕ್ಟ್ ಪ್ರೆಡೇಟರ್’ (2019) ಪುಸ್ತಕಕ್ಕೆ ಸಿಕ್ಕ ಹೊಗಳಿಕೆ ಅತಿಯಾಯಿತು. ಬ್ಯಾಕ್ಟೀರಿಯಾ ಕೊಲ್ಲುವ ವೈರಸ್‌ಗಳನ್ನೇ ಮದ್ದಾಗಿಸುವ ಫೇಜ್ ಚಿಕಿತ್ಸೆಯ ಮಾತು ಬಂದರೆ ಸಾಕು, ಎಲ್ಲರೂ ಇದನ್ನೇ ಮುಂದಿಡುತ್ತಾರೆ.

ಕಥೆ ಗೊತ್ತಿರುವುದೇ. 2015ರ ಕೊನೆಯ ಈಜಿಪ್ಟ್ ಪ್ರವಾಸ, ಯಾವ ಆ್ಯಂಟಿಬಯಾಟಿಕ್‌ಗೂ ಜಗ್ಗದ ಅಸಿನೆಟೊಬ್ಯಾಕ್ಟರ್ ಸೋಂಕು, ಸ್ಯಾನ್ ಡಿಯೇಗೊದಲ್ಲಿ ಕೋಮಾ. 2016ರ ಮಾರ್ಚ್‌ನಲ್ಲಿ ಟೆಕ್ಸಾಸ್‌ನ ಪ್ರಯೋಗಾಲಯದಿಂದಲೂ ಅಮೆರಿಕದ ನೌಕಾಪಡೆಯಿಂದಲೂ ಫೇಜ್‌ಗಳು ಬಂದವು. ಕೆಲವೇ ದಿನಗಳಲ್ಲಿ ಟಾಮ್ ಕಣ್ತೆರೆದರು.

ನನ್ನ ತಕರಾರು ಆ ಗಳಿಗೆಯನ್ನು ಕಟ್ಟಿರುವ ಬಗೆಯ ಮೇಲೆ. ಸ್ಟ್ರಾಥ್‌ಡೀ ನಿರೂಪಣೆಯ ನಡುನಡುವೆ ಟಾಮ್ ಕಂಡ ಭ್ರಮೆಗಳ ತುಣುಕುಗಳು ಬರುತ್ತವೆ. ಹೊರಗೆ ಫೋನು, ಅನುಮತಿ, ಓಡಾಟ. ಒಳಗೆ ಸಾವಿನಂಚಿನ ಮನಸ್ಸು. ಬರವಣಿಗೆಯಾಗಿ ಇದು ಗಟ್ಟಿ, ಒಪ್ಪುತ್ತೇನೆ. ಆದರೆ ಎರಡೂ ದನಿಗಳು ಒಂದೇ ಗಳಿಗೆಯತ್ತ ಧಾವಿಸುವುದರಿಂದ, ಅವು ಕೂಡಿಕೊಂಡೊಡನೆ ಓದುಗರ ಪಾಲಿಗೆ ಕಥೆ ಮುಗಿಯುತ್ತದೆ. ಚಿಕಿತ್ಸೆಯ ನಿಜವಾದ ಪ್ರಶ್ನೆ ಅಲ್ಲಿಂದಾಚೆಗೇ ಇರುವುದು. ಟಾಮ್ ದೇಹದಲ್ಲಿದ್ದ ಬ್ಯಾಕ್ಟೀರಿಯಾ ಕೆಲವೇ ದಿನಗಳಲ್ಲಿ ಫೇಜ್‌ಗಳಿಗೂ ಪ್ರತಿರೋಧ ಬೆಳೆಸಿಕೊಂಡಿತು; ಹೊಸ ಫೇಜ್ ಹುಡುಕಬೇಕಾಯಿತು. ನಡುವೆ ಮಿನೊಸೈಕ್ಲಿನ್ ಎಂಬ ಹಳೆಯ ಆ್ಯಂಟಿಬಯಾಟಿಕ್ ಕೂಡ ಸೇರಿಕೊಂಡಿತು. ಪ್ರಯೋಗಾಲಯದಲ್ಲಿ ಅದು ಫೇಜ್‌ಗೆ ಹೆಗಲು ಕೊಟ್ಟಿತ್ತು. ಹಾಗಾದರೆ ಗುಣಪಡಿಸಿದ್ದರಲ್ಲಿ ಯಾವುದರ ಪಾಲೆಷ್ಟು? ಪುಸ್ತಕ ಇದನ್ನು ಮುಚ್ಚಿಡುವುದಿಲ್ಲ, ಆದರೆ ಓಟದ ಭರದಲ್ಲಿ ಅಲ್ಲಿ ನಿಲ್ಲುವುದೂ ಇಲ್ಲ. ಸ್ಟ್ರಾಥ್‌ಡೀ ಸೋಂಕುರೋಗಗಳ ಎಪಿಡೆಮಿಯಾಲಜಿಸ್ಟ್. ಗಂಡನ ಮಂಚದ ಪಕ್ಕ ಕೂತವರಿಂದ ಈ ನಿಲುಗಡೆ ನಿರೀಕ್ಷಿಸುವುದು ಕ್ರೌರ್ಯ. ಮೂರು ವರ್ಷದ ನಂತರ ಪುಸ್ತಕ ಕೊಟ್ಟವರಿಂದ ನಿರೀಕ್ಷಿಸುವುದು ನ್ಯಾಯ.

‘ಥ್ರಿಲ್ಲರ್‌ನಂತೆ ಓದಿಸಿಕೊಳ್ಳುತ್ತದೆ’ ಎಂದು ಮೆಚ್ಚಿದ ವಿಮರ್ಶಕರ ಮೇಲೆ ನನಗೆ ಇನ್ನೂ ಸಿಟ್ಟಿದೆ. ಥ್ರಿಲ್ಲರ್‌ಗೆ ಒಬ್ಬ ಬದುಕಿದರೆ ಸಾಕು. ಚಿಕಿತ್ಸೆಯನ್ನು ತೂಗುವಾಗ ಬದುಕದವರ ಲೆಕ್ಕವೂ ಬೇಕು. ಆ ವಿಮರ್ಶಕರಲ್ಲಿ ಹಲವರು ಫೇಜನ್ನು ಸೋವಿಯತ್ ಜಾರ್ಜಿಯಾ ಮಾತ್ರ ಕಾಪಾಡಿದ ಗುಟ್ಟು ಎಂಬಂತೆ ಬರೆದರು. ಆದರೆ 1927ರಲ್ಲೇ ಫೇಜ್ ಸಂಶೋಧಕ ಫೆಲಿಕ್ಸ್ ಡಿ'ಹೆರೆಲ್ ಪಂಜಾಬಿನಲ್ಲಿ ಕಾಲರಾ ರೋಗಿಗಳಿಗೆ ಫೇಜ್ ಕೊಟ್ಟು, ಪಡೆಯದವರ ಸಾವುಗಳೊಂದಿಗೆ ಹೋಲಿಸಿದ್ದ. ಹೋಲಿಕೆಯ ವಿಧಾನದ ಬಗ್ಗೆ ಎಷ್ಟೇ ಆಕ್ಷೇಪವಿರಲಿ, ಕೇಳಬೇಕಾದ ಪ್ರಶ್ನೆಯನ್ನು ಆತ ಕೇಳಿದ್ದ.

ಅದೇ ಪ್ರಶ್ನೆಯನ್ನಿಟ್ಟುಕೊಂಡು ಫ್ರಾನ್ಸ್ ಮತ್ತು ಬೆಲ್ಜಿಯಂನಲ್ಲಿ ಸುಟ್ಟಗಾಯದ ಸೋಂಕಿನ ಮೇಲೆ ನಡೆದ ಫೇಜೊಬರ್ನ್ ಪ್ರಯೋಗಕ್ಕೆ ಸಿಕ್ಕವರು 27 ರೋಗಿಗಳು. ತಯಾರಾದ ಮೇಲೆ ಫೇಜ್‌ನ ಸಾಂದ್ರತೆ ಕುಸಿದು, ಉದ್ದೇಶಿಸಿದ್ದಕ್ಕಿಂತ ತೀರಾ ಕಡಿಮೆ ಪ್ರಮಾಣ ಗಾಯ ಸೇರಿತು. ಮಾಮೂಲಿ ಬೆಳ್ಳಿಯ ಕ್ರೀಮೇ ಬೇಗ ಕೆಲಸ ಮಾಡಿತು. 2018ರಲ್ಲಿ ಹೊರಬಂದ ಆ ವರದಿಯಲ್ಲಿ ನಾಯಕನಿಲ್ಲ. ಫೇಜ್ ಚಿಕಿತ್ಸೆ ಎಲ್ಲಿ ಸಿಕ್ಕಿಕೊಂಡಿದೆ ಎಂದು ಕೇಳುವವರಿಗೆ ನಾನು ಮೊದಲು ಕೊಡುವುದು ಅದನ್ನೇ.