ಬಿಲ್ಹಣನ ಕಲ್ಯಾಣವಾಸ

ಸ್ವದೇಶವನ್ನು ಬಿಟ್ಟು ಪರರಾಜ್ಯದ ಮಹಾನಗರದಲ್ಲಿ ನೆಲೆನಿಂತ ಕವಿಯ ಕೃತಿಯನ್ನು ಯಾವ ನಾಡಿನ ಸೊತ್ತೆಂದು ಎಣಿಸತಕ್ಕದ್ದು? ಹೆತ್ತ ನೆಲದ್ದೆಂದೋ, ಅನ್ನವಿತ್ತ ನೆಲದ್ದೆಂದೋ? ಬಿಲ್ಹಣನ ವಿಕ್ರಮಾಂಕದೇವಚರಿತವನ್ನು ಓದುವವರಿಗೆ ಈ ಪ್ರಶ್ನೆಯು ಸಹಜವಾಗಿಯೇ ಎದುರಾಗುತ್ತದೆ. ನಾಯಕನು ಕರ್ಣಾಟಕದ ಚಕ್ರವರ್ತಿ, ಕವಿಯು ಕಾಶ್ಮೀರದವನು, ಕಾವ್ಯವು ಹುಟ್ಟಿದುದು ಚಾಲುಕ್ಯರಾಜಧಾನಿಯಾದ ಕಲ್ಯಾಣದ ಆಶ್ರಯದಲ್ಲಿ. ಆ ನಗರವೇ ಈಗಿನ ಬಸವಕಲ್ಯಾಣ.

ಈ ಕಾವ್ಯವು ಬಹುಕಾಲ ಕಣ್ಮರೆಯಾಗಿದ್ದು, 1874ರಲ್ಲಿ ಜೈಸಲ್ಮೇರಿನ ಜೈನಭಂಡಾರದಲ್ಲಿ ಬ್ಯೂಲರ್ ಪಂಡಿತನಿಗೆ ದೊರಕಿ, 1875ರಲ್ಲಿ ಮುದ್ರಿತವಾಯಿತು. ಅಂದಿನಿಂದ ಚರಿತ್ರಕಾರರು ಇದನ್ನು ಶಾಸನಗಳೊಡನೆ ಹೋಲಿಸಿ ನೋಡಿರುವರು. ಆಲಂಕಾರಿಕರು ಇದರ ವೈದರ್ಭೀರೀತಿಯನ್ನು ಮೆಚ್ಚಿರುವರು. ಆದರೆ ಪರಸ್ಥಳದಲ್ಲಿ ಬೇರೂರಲು ಯತ್ನಿಸಿದ ಒಬ್ಬ ಮನುಷ್ಯನ ಮನೋವೃತ್ತಿಯ ಸಾಕ್ಷಿಯಾಗಿಯೂ ಇದನ್ನು ಪರಿಶೀಲಿಸುವುದು ಅವಶ್ಯಕವಾಗಿದೆ. ಹದಿನೆಂಟು ಸರ್ಗಗಳಲ್ಲಿ ಕಡೆಯದನ್ನು ಕವಿಯು ತನ್ನ ವಂಶ, ಊರು, ಪ್ರವಾಸಗಳಿಗೇ ಮೀಸಲಿಟ್ಟಿರುವುದು ಇದಕ್ಕೆ ದಾರಿಮಾಡಿಕೊಟ್ಟಿದೆ.

ಪ್ರವರಪುರದ ಸಮೀಪದ ಖೋನಮುಖವೆಂಬ ಗ್ರಾಮವು ಬಿಲ್ಹಣನ ಜನ್ಮಸ್ಥಾನ. ತಂದೆ ಜ್ಯೇಷ್ಠಕಲಶನು ಮಹಾಭಾಷ್ಯಕ್ಕೆ ವ್ಯಾಖ್ಯಾನವನ್ನು ರಚಿಸಿದ ವೈಯಾಕರಣ, ತಾಯಿ ನಾಗಾದೇವಿ. ಈ ಮನೆತನವೂ ಮೂಲತಃ ಕಾಶ್ಮೀರದ್ದಲ್ಲ. ಗೋಪಾದಿತ್ಯರಾಜನು ಮಧ್ಯದೇಶದಿಂದ ಕರೆತಂದ ಬ್ರಾಹ್ಮಣರ ಸಂತತಿಯೆಂದು ಕವಿಯೇ ಹೇಳಿಕೊಂಡಿರುತ್ತಾನೆ. ವೇದ, ವ್ಯಾಕರಣ, ಅಲಂಕಾರಗಳಲ್ಲಿ ಪಾರಂಗತನಾದ ಅವನು ಕಲಶರಾಜನ ಕಾಲದಲ್ಲಿ ಊರನ್ನು ಬಿಟ್ಟು ಮಥುರೆ, ಕಾನ್ಯಕುಬ್ಜ, ಪ್ರಯಾಗ, ವಾರಾಣಸಿಗಳನ್ನು ಕಂಡು, ಡಾಹಲದ ಕರ್ಣನ ಆಸ್ಥಾನದಲ್ಲಿ ಕೆಲಕಾಲ ನಿಂತು, ಗುರ್ಜರದೇಶವನ್ನು ಹಾದು, ಸೋಮನಾಥನ ದರ್ಶನ ಮಾಡಿ, ದಕ್ಷಿಣಕ್ಕೆ ಸೇತುವಿನವರೆಗೂ ಹೋಗಿ, ಕಟ್ಟಕಡೆಗೆ ಕಲ್ಯಾಣವನ್ನು ಸೇರಿದನು. 1076ರಲ್ಲಿ ಪಟ್ಟವೇರಿದ ಆರನೆಯ ವಿಕ್ರಮಾದಿತ್ಯನು ಅವನಿಗೆ ವಿದ್ಯಾಪತಿಯೆಂಬ ಪದವಿಯನ್ನೂ ಛತ್ರಗಜಾದಿ ಗೌರವಗಳನ್ನೂ ಕೊಟ್ಟನು. ಕಾವ್ಯವು ಸುಮಾರು 1085ರದೆಂದು ಬ್ಯೂಲರನ ಮತ.

ಇಲ್ಲಿ ಎರಡು ಪಕ್ಷಗಳು ಸಂಭವಿಸುತ್ತವೆ. ಪದವಿ, ಐಶ್ವರ್ಯ, ರಾಜಪ್ರೀತಿಗಳೆಲ್ಲವೂ ಕಲ್ಯಾಣದಲ್ಲಿ ದೊರಕಿದುದರಿಂದ ಬಿಲ್ಹಣನು ಕರ್ಣಾಟಕದವನೇ ಆಗಿಹೋದನೆಂಬುದು ಒಂದು. ಕವಿತೆಯೂ ಕುಂಕುಮಕೇಸರವೂ ಶಾರದಾದೇಶದ ಹೊರಗೆ ಮೊಳೆಯುವುದನ್ನು ತಾನು ಕಂಡಿಲ್ಲವೆಂದು ಮೊದಲನೆಯ ಸರ್ಗದಲ್ಲಿಯೇ ಸಾರಿದವನು ಉಂಡ ಮನೆಗೆ ಕೃತಘ್ನನೆಂಬುದು ಎರಡನೆಯದು. ಇವೆರಡೂ ಅವಸರದ ತೀರ್ಪುಗಳೆಂಬುದು ಕಾವ್ಯವನ್ನು ಸಾವಧಾನವಾಗಿ ನೋಡಿದರೆ ತಿಳಿಯುತ್ತದೆ.

ಎರಡನೆಯ ಸರ್ಗದ ಕಲ್ಯಾಣವರ್ಣನೆಯನ್ನೂ ಹದಿನೆಂಟನೆಯ ಸರ್ಗದ ಖೋನಮುಖವರ್ಣನೆಯನ್ನೂ ಅಕ್ಕಪಕ್ಕದಲ್ಲಿಟ್ಟು ಓದತಕ್ಕದ್ದು. ಆಹವಮಲ್ಲನು ಕಟ್ಟಿಸಿದನೆಂದು ಹೇಳಿರುವ ಕಲ್ಯಾಣದಲ್ಲಿ ಪ್ರಾಸಾದಗಳ ಬೆಳಕು, ಪುರಸ್ತ್ರೀಯರ ಮುಖಚಂದ್ರರು ಮುಂತಾದ ಸಾಮಗ್ರಿಯೆಲ್ಲ ಇದೆ. ಉತ್ಪ್ರೇಕ್ಷೆಗಳು ಹೊಳೆಯುತ್ತವೆ. ಆದರೆ ಅವುಗಳಲ್ಲಿ ಬಹುಪಾಲನ್ನು ಎತ್ತಿ ಉಜ್ಜಯಿನಿಗೋ ಕಾಂಚಿಗೋ ಹಚ್ಚಿದರೂ ಹೊಂದುತ್ತವೆ. ಖೋನಮುಖವಾದರೋ ಹಾಗಲ್ಲ. ಅಲ್ಲಿ ಊರಿನ ಒಂದು ಕಡೆ ಕುಂಕುಮದ ಹೊಲ, ಇನ್ನೊಂದು ಕಡೆ ದ್ರಾಕ್ಷಿಯ ತೋಟ. ಅಲ್ಲಿನ ನಾಡಿನಲ್ಲಿ ಹೆಂಗಸರು ಸಂಸ್ಕೃತ ಪ್ರಾಕೃತಗಳನ್ನು ಮನೆಮಾತಿನಂತೆ ಆಡುತ್ತಾರೆ. ವಿತಸ್ತೆಯ ದಡವನ್ನೂ ಊರಿನ ಮಠಮಂದಿರಗಳನ್ನೂ ಕವಿಯು ಬಲ್ಲವನಂತೆ ಹೆಸರಿಸುತ್ತಾನೆ. ಒಂದು ನಗರವು ಕಣ್ಣೆದುರಿಗಿದ್ದೂ ಕಾವ್ಯಶಾಸ್ತ್ರದ ಮೂಲಕ ಕಾಣುತ್ತದೆ. ಮತ್ತೊಂದು ಗ್ರಾಮವು ನೂರಾರು ಯೋಜನಗಳಾಚೆ ಇದ್ದೂ ಕಣ್ಣೆದುರಿಗೆ ನಿಲ್ಲುತ್ತದೆ.

ಮಹಾಕಾವ್ಯದಲ್ಲಿ ನಗರವರ್ಣನೆಯು ದಂಡಿ ಮೊದಲಾದವರು ಹೇಳಿದ ಅಂಗವಾಗಿರುವುದರಿಂದ ಅದು ಸಂಪ್ರದಾಯಬದ್ಧವಾಗಿರುವುದು ಸಹಜವೆಂದು ಆಕ್ಷೇಪಿಸಬಹುದು. ಆಕ್ಷೇಪವು ಅಂಶತಃ ಯುಕ್ತವೇ. ಆದರೆ ಗುರ್ಜರದೇಶದ ಪ್ರಸಂಗವು ಇದಕ್ಕೆ ತೊಡಕಾಗಿದೆ. ಅಲ್ಲಿಯ ಜನರು ಕಚ್ಚೆ ಕಟ್ಟುವುದಿಲ್ಲ, ಅವರ ಮಾತು ಕೇಳಲಾಗದೆಂದು ಬಿಲ್ಹಣನು ಬಿರುನುಡಿಯನ್ನಾಡಿ, ಆ ಸಹವಾಸದಿಂದಾದ ಸಂಕಟವನ್ನು ಸೋಮನಾಥನ ದರ್ಶನದಿಂದ ಕಳೆದುಕೊಂಡನಂತೆ. ಈ ಮಾತು ನ್ಯಾಯವಾದುದಲ್ಲ, ದಾರಿಹೋಕನ ಸಿಡುಕು. ಆದರೂ ಉಡಿಗೆ ನುಡಿಗಳನ್ನು ನೋಡಿದವನ ಮಾತೆಂಬುದರಲ್ಲಿ ಸಂದೇಹವಿಲ್ಲ. ಹೀಗೆ ಹಾದುಹೋದ ನಾಡಿನ ಜನರನ್ನು ಹತ್ತಿರದಿಂದ ನೋಡಿದ ಕಣ್ಣು, ನೆಲೆನಿಂತ ನಾಡಿನ ಜನರ ನಡೆನುಡಿಗಳ ಮೇಲೆ ಬಿದ್ದುದು ಅತಿ ವಿರಳ. ದೂಷಣೆಯೂ ಇಲ್ಲ, ವಿಶೇಷವೂ ಇಲ್ಲ. ಆಶ್ರಿತನ ಮೌನವು ಇಂಥದು. ದಾರಿಹೋಕನಿಗೆ ಬಯ್ಯುವ ಸ್ವಾತಂತ್ರ್ಯವಿದೆ, ಮನೆಯವನಿಗೂ ಬಯ್ಯುವ ಸಲಿಗೆಯಿದೆ. ಆಶ್ರಯದಲ್ಲಿ ಇರುವವನಿಗೆ ಎರಡೂ ಇಲ್ಲ.

ಇದಕ್ಕೆ ಭಾಷೆಯೂ ಒಂದು ಕಾರಣವಾಗಿರಬೇಕು. ಕಲ್ಯಾಣದ ಚಕ್ರವರ್ತಿಗಳ ಶಾಸನಗಳು ನಾಡಿನಲ್ಲೆಲ್ಲ ಕನ್ನಡದಲ್ಲಿ ನಿಂತಿವೆ. ವಿಕ್ರಮಾದಿತ್ಯನ ತಮ್ಮನೆನ್ನಲಾದ ಕೀರ್ತಿವರ್ಮನು ಕನ್ನಡದಲ್ಲಿ ಗೋವೈದ್ಯವನ್ನು ಬರೆದನು. ಆದರೆ ಬಿಲ್ಹಣನ ಕಾವ್ಯದಲ್ಲಿ ಕನ್ನಡದ ದನಿ ಕಿವಿಗೆ ಬೀಳುವುದಿಲ್ಲ. ಸಭೆಯಲ್ಲಿ ಸಂಸ್ಕೃತವು ನಡೆಯುತ್ತಿತ್ತು. ಅದೇ ಆಸ್ಥಾನದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ರಚಿಸಿ ಅದರ ಕೊನೆಯಲ್ಲಿ ಕಲ್ಯಾಣಕ್ಕೆ ಸಮಾನವಾದ ಪುರವಿಲ್ಲವೆಂದು ಹೊಗಳಿದನು. ಕಾಶ್ಮೀರದಿಂದ ಸೇತುವಿನವರೆಗೆ ಪಂಡಿತನಿಗೆ ಬಾಗಿಲು ತೆರೆದ ಭಾಷೆಯು ಬೀದಿಯ ಭಾಷೆಯನ್ನು ಕಲಿಯುವ ಅಗತ್ಯವನ್ನೇ ಇಲ್ಲದಂತೆ ಮಾಡಿತು. ಅರಮನೆಯ ಬಾಗಿಲನ್ನು ತೆರೆದ ಕೀಲಿಯೇ ಊರಿನ ಬಾಗಿಲನ್ನು ಮುಚ್ಚಿತೆಂದು ಹೇಳಬಹುದು. ಸಂಸ್ಕೃತಾಭಿಮಾನಿಗಳು ಇದನ್ನು ಒಪ್ಪಿಕೊಳ್ಳುವುದರಲ್ಲಿ ಹಾನಿಯೇನೂ ಇಲ್ಲ.

ಹಾಗಾದರೆ ಬಿಲ್ಹಣನು ಕಲ್ಯಾಣದಲ್ಲಿ ಕಡೆಯವರೆಗೂ ಅತಿಥಿಯಾಗಿಯೇ ಉಳಿದನೆ? ನಾಲ್ಕನೆಯ ಸರ್ಗವು ಇದಕ್ಕೆ ಬೇರೆಯ ಉತ್ತರವನ್ನು ಕೊಡುತ್ತದೆ. ದಾಹಜ್ವರದಿಂದ ಬೆಂದ ಆಹವಮಲ್ಲನು ಮದ್ದಿಗೆ ಆಶೆಯಿಲ್ಲವೆಂದು ತಿಳಿದು, ಮಂತ್ರಿಗಳ ಸಮ್ಮತಿಯನ್ನು ಪಡೆದು, ತುಂಗಭದ್ರೆಯ ತೀರಕ್ಕೆ ಹೋಗಿ, ಮಿಂದು, ಶಿವನನ್ನು ಧ್ಯಾನಿಸಿ, ದಾನಮಾಡಿ, ಕೊರಳಮಟ್ಟದ ನೀರಿಗಿಳಿದು ದೇಹವನ್ನು ಬಿಟ್ಟ ಸಂದರ್ಭವದು. 1068ರಲ್ಲಿ ಕುರುವತ್ತಿಯಲ್ಲಿ ಇದು ನಡೆದುದನ್ನು ಶಾಸನಗಳು ಸಮರ್ಥಿಸುತ್ತವೆ. ಬಿಲ್ಹಣನು ಈ ರಾಜನ ಆಶ್ರಿತನಾಗಿರಲಿಲ್ಲ. ಈ ವೃತ್ತಾಂತವನ್ನು ಊರವರ ಬಾಯಿಂದಲೇ ಕೇಳಿರಬೇಕು. ಕಲ್ಯಾಣದ ಉಪ್ಪರಿಗೆಗಳಿಗೆ ಮೀಸಲಿಟ್ಟ ಉತ್ಪ್ರೇಕ್ಷೆಗಳು ಇಲ್ಲಿ ಹಿಂದೆ ಸರಿದು, ವಾಕ್ಯಗಳು ಸರಳವಾಗಿ, ಒಂದಾದಮೇಲೊಂದು ನಡೆಯುತ್ತವೆ. ಗಂಗೆಯಲ್ಲಿ ಮಿಂದುಬಂದ ಕಾಶ್ಮೀರಕನು ತುಂಗಭದ್ರೆಯನ್ನು ದಕ್ಷಿಣಾಪಥದ ಜಾಹ್ನವಿಯೆಂದು ಭಾವಿಸುವನು. ಪರದೇಶದ ನದಿಗೆ ಹೀಗೆ ತನ್ನ ಪುಣ್ಯನದಿಯ ಪದವಿಯನ್ನು ಕೊಡುವುದು ಕೇವಲ ಸ್ತುತಿಯಲ್ಲ. ಆಶ್ರಯವಿತ್ತವರ ಸಂಭ್ರಮವನ್ನು ಹೊಗಳುವುದು ಯಾರಿಗಾದರೂ ಸಾಧ್ಯ. ಅವರ ದುಃಖವು ತನ್ನದಾದಾಗಲೇ ಬಂದವನು ಮನೆಯವನಾಗುವುದು.

ಈ ಮನೆಯವನಾಗುವಿಕೆಗೆ ಬಿಲ್ಹಣನು ತೆತ್ತ ಬೆಲೆಯೂ ಉಂಟು. ವಿಕ್ರಮನು ಅಣ್ಣನಾದ ಎರಡನೆಯ ಸೋಮೇಶ್ವರನನ್ನು ಕೆಳಗಿಳಿಸಿ ಸಿಂಹಾಸನವೇರಿದ ಸಂಗತಿಗೆ ಕವಿಯು ಶಿವನ ಸ್ವಪ್ನಾಜ್ಞೆಯನ್ನು ಕಾರಣವಾಗಿ ತಂದು, ಅಣ್ಣನನ್ನು ದುರ್ಮತಿಯಾಗಿ ಚಿತ್ರಿಸಿರುವನು. ಕಾವ್ಯದೃಷ್ಟಿಯಿಂದಲೂ ಇದು ದೋಷವೇ. ವಿಕ್ರಮನಿಗೆ ಧರ್ಮಸಂಕಟವೇ ಉಳಿಯದೆ ಹೋಗಿ ಯುದ್ಧಸರ್ಗಗಳು ನಿಸ್ಸತ್ತ್ವವಾಗಿವೆ. ಸ್ಥಳೀಯನಾದ ಕವಿಯು ಇದನ್ನು ಹೇಗೆ ಹೇಳುತ್ತಿದ್ದನೋ ತಿಳಿಯದು; ಜೀವನವೆಲ್ಲ ಒಬ್ಬ ರಾಜನ ಪ್ರೀತಿಯನ್ನೇ ಅವಲಂಬಿಸಿದ ಪರಸ್ಥಳದವನಿಗೆ ಬೇರೆ ದಾರಿಯು ಕಷ್ಟಸಾಧ್ಯವಾಗಿತ್ತು. ಕವಿಗಳನ್ನು ಮುನಿಸಬಾರದೆಂದು ಅರಸರಿಗೆ ಹೇಳುವ ಕಡೆಯ ಬುದ್ಧಿವಾದದಲ್ಲಿ ಈ ಅಭದ್ರತೆಯ ನೆರಳಿರುವಂತೆ ತೋರುತ್ತದೆ.

ಇನ್ನು ಕಲ್ಹಣನ ಸಾಕ್ಷ್ಯವನ್ನು ವಿಚಾರಿಸತಕ್ಕದ್ದು. ರಾಜತರಂಗಿಣಿಯ ಏಳನೆಯ ತರಂಗದಲ್ಲಿ, ಕರ್ಣಾಟಕದ ಪರ್ಮಾಡಿರಾಜನಿಂದ ವಿದ್ಯಾಪತಿಯಾದ ಬಿಲ್ಹಣನು, ಕಾಶ್ಮೀರದಲ್ಲಿ ಹರ್ಷನು ಸುಕವಿಬಂಧುವೆಂದು ಕೇಳಿ, ತನಗೆ ದೊರೆತ ಅಷ್ಟು ದೊಡ್ಡ ಸಂಪತ್ತನ್ನೂ ವಂಚನೆಯೆಂದೆಣಿಸಿದನೆಂದು ಹೇಳಿದೆ. ಇದನ್ನು ಕೃತಘ್ನತೆಯ ಪ್ರಮಾಣವೆಂದು ಹಿಡಿಯುವವರು ಅದೇ ತರಂಗದ ಮತ್ತೊಂದು ಸಂಗತಿಯನ್ನು ಮರೆಯಲಾಗದು. ವಿಲಾಸಿಯಾದ ಆ ಹರ್ಷನಿಗೆ ದಾಕ್ಷಿಣಾತ್ಯರ ರೀತಿಯೇ ಪ್ರಿಯವಾಗಿ, ಅವನು ಕರ್ಣಾಟಕದ ಮಾದರಿಯ ಟಂಕವನ್ನು ತನ್ನ ನಾಡಿನಲ್ಲಿ ಚಲಾವಣೆಗೆ ತಂದನು. ಕರ್ಣಾಟಕದಲ್ಲಿ ಕುಳಿತವನು ಕಾಶ್ಮೀರವನ್ನು ನೆನೆಯುತ್ತಿದ್ದಾಗ ಕಾಶ್ಮೀರದ ಅರಸನು ಕರ್ಣಾಟಕವನ್ನು ಅನುಕರಿಸುತ್ತಿದ್ದನು! ದೂರದ ನಾಡು ಚೆಲುವಾಗಿ ಕಾಣುವುದು ಮನುಷ್ಯಸ್ವಭಾವವೇ ಹೊರತು ದ್ರೋಹವಲ್ಲ. ಹಂಬಲವಿದ್ದರೂ ಬಿಲ್ಹಣನು ಕಲ್ಯಾಣದ ಚಕ್ರವರ್ತಿಯ ಚರಿತವನ್ನೇ ಬರೆದನು. ಅದರ ಕೊನೆಯಲ್ಲಿ ತನ್ನ ಊರಿಗೂ ಒಂದು ಸರ್ಗದ ಜಾಗವನ್ನು ಮಾಡಿಕೊಂಡನು.

ಆದುದರಿಂದ ಮೊದಲಿನ ಪ್ರಶ್ನೆಗೆ ನಿರ್ಣಯವು ಹೀಗೆ: ವಿಕ್ರಮಾಂಕದೇವಚರಿತವನ್ನು ಎರಡು ನಾಡುಗಳಿಗೆ ಪಾಲುಮಾಡುವುದು ಸಲ್ಲದು. ಹದಿನೇಳು ಸರ್ಗಗಳು ಋಣಪತ್ರವೆಂದೂ ಹದಿನೆಂಟನೆಯದು ಮಾತ್ರ ಹೃದಯವೆಂದೂ ಹೇಳಿದರೆ ನಾಲ್ಕನೆಯ ಸರ್ಗದ ತುಂಗಭದ್ರೆಯು ಅದನ್ನು ಸುಳ್ಳಾಗಿಸುತ್ತದೆ. ಎಲ್ಲವೂ ಕರ್ಣಾಟಕದ್ದೆಂದರೆ ಖೋನಮುಖದ ಕುಂಕುಮವು ಅದನ್ನು ಒಪ್ಪುವುದಿಲ್ಲ. ಈ ಕಾವ್ಯವನ್ನು ಪಾಠಹೇಳುವವರು ಎರಡನೆಯ, ನಾಲ್ಕನೆಯ, ಹದಿನೆಂಟನೆಯ ಸರ್ಗಗಳನ್ನು ಒಟ್ಟಾಗಿ ಓದಿಸುವುದು ಮೇಲು. ನಗರವು ಪದವಿಯನ್ನು ಕೊಡುವುದು ಒಂದು ದಿನದಲ್ಲಿ ಆಗಬಹುದು. ಬಂದವನ ಕಣ್ಣಿಗೆ ಆ ನಾಡಿನ ನೀರು ತೀರ್ಥವಾಗುವುದಕ್ಕೆ ವರ್ಷಗಳೇ ಬೇಕು. ಬಿಲ್ಹಣನಲ್ಲಿ ಅದು ಪೂರ್ಣವಾಗಿ ಅಲ್ಲದಿದ್ದರೂ ಒಂದು ನದಿಯ ಮಟ್ಟಿಗೆ ಸಿದ್ಧಿಸಿತೆಂದು ಹೇಳುವುದೇ ಯುಕ್ತವು.