ಚೋಮನ ಗುಡಿಸಲಿಗೆ ಬಾರದ ಸ್ವರಾಜ್ಯ

ಶಿವರಾಮ ಕಾರಂತರ ‘ಚೋಮನ ದುಡಿ’ ಪ್ರಕಟವಾದದ್ದು 1933ರಲ್ಲಿ. ಬರೆದವರು ಗಾಂಧೀಜಿಯ ಕರೆಗೆ ಓಗೊಟ್ಟು ಕಾಲೇಜು ಬಿಟ್ಟವರು, ಖಾದಿ ಪ್ರಚಾರಕ್ಕೆ ಊರೂರು ಅಲೆದವರು. ಹಾಗಿದ್ದೂ ಚೋಮನ ಗುಡಿಸಲಿಗೆ ಸ್ವರಾಜ್ಯದವರು ಯಾರೂ ಬರುವುದಿಲ್ಲ. ಬರುವವನು ಕಾಫಿ ತೋಟದ ಮನ್ವೇಲ, ಅದೂ ಹಳೆಯ ಸಾಲದ ವಸೂಲಿಗೆ. ಬೇಸಾಯಕ್ಕೆ ಭೂಮಿ ಸಿಗಬಹುದೆಂಬ ಆಸೆ ಹುಟ್ಟಿಸುವುದು ಇಗರ್ಜಿ.

ಈ ಕಾದಂಬರಿಯನ್ನು ನಾವು ಅಸ್ಪೃಶ್ಯತೆಯ ಕಥೆಯೆಂದೇ ಓದುತ್ತ ಬಂದಿದ್ದೇವೆ. ಅದು ಸರಿಯೇ. ಆದರೆ ಕಥೆಯನ್ನು ಮುಂದೆ ತಳ್ಳುವುದು ಸಾಲ. ಸಾಲ ತೀರಿಸಲೆಂದು ಚನಿಯ, ಗುರುವ ತೋಟಕ್ಕೆ ಹೋಗುತ್ತಾರೆ. ಚನಿಯ ಜ್ವರ ಹೊತ್ತು ಮರಳಿ ಸಾಯುತ್ತಾನೆ, ಗುರುವ ಮರಳುವುದೇ ಇಲ್ಲ. ಆಮೇಲೆ ಬೆಳ್ಳಿಯ ಸರದಿ. ಆ ಸಾಲಕ್ಕೆ ಅವಳು ತೆತ್ತದ್ದೇನೆಂದು ಓದಿದವರಿಗೆ ಗೊತ್ತು. ಒಡೆಯ ಸಂಕಪ್ಪಯ್ಯನದು ಕೆಟ್ಟ ಮನಸ್ಸೇನಲ್ಲ. ತಾಯಿ ಒಪ್ಪಲಿಲ್ಲ, ಭೂಮಿ ಸಿಗಲಿಲ್ಲ, ಅಷ್ಟೆ. ಕಾರಂತರ ಕಸುಬುಗಾರಿಕೆ ಇರುವುದು ಈ ‘ಅಷ್ಟೆ’ಯಲ್ಲಿ.

ಇದೇ ಪ್ರಶ್ನೆಯನ್ನು ಬೇರೊಂದು ನಾಡು ಬೇರೆ ರೀತಿ ಎದುರಿಸಿತ್ತು. ಕೆರಿಬಿಯನ್ ಸಮುದ್ರದ ಪೋರ್ಟೊ ರಿಕೊ ಆಗ ಸ್ಪೇನಿನ ವಸಾಹತು. ಅಲ್ಲಿನ ವೈದ್ಯ ಬೆತಾನ್ಸೆಸ್ ಗುಲಾಮರ ಹಸುಗೂಸುಗಳನ್ನು ದೀಕ್ಷಾಸ್ನಾನದ ಹೊತ್ತಿಗೆ ಹಣ ಕೊಟ್ಟು ಬಿಡಿಸುತ್ತಿದ್ದ. ಸ್ವಾತಂತ್ರ್ಯದ ಹೋರಾಟಗಾರನೂ ಅವನೇ. 1867ರಲ್ಲಿ ಅವನು ಬರೆದ ಹತ್ತು ಬೇಡಿಕೆಗಳಲ್ಲಿ ಮೊದಲನೆಯದೇ ಗುಲಾಮಗಿರಿಯ ರದ್ದತಿ. ಮರುವರ್ಷ ಲಾರೆಸ್ ಊರಿನಲ್ಲಿ ದಂಗೆ ಎದ್ದವರು, ತಮ್ಮ ಜೊತೆ ಸೇರಿದ ಗುಲಾಮ ಅಂದಿನಿಂದಲೇ ಸ್ವತಂತ್ರ ಎಂದು ಸಾರಿದರು. ದಂಗೆ ಸೋತಿತು. 1873ರಲ್ಲಿ ಸ್ಪೇನೇ ಗುಲಾಮಗಿರಿಯನ್ನು ರದ್ದು ಮಾಡಿದಾಗಲೂ, ಬಿಡುಗಡೆಯಾದವರು ಇನ್ನೂ ಮೂರು ವರ್ಷ ಕರಾರಿನ ಮೇಲೆ ದುಡಿಯಬೇಕೆಂಬ ಷರತ್ತಿತ್ತು.

ನಮ್ಮಲ್ಲಿ? ಗುಲಾಮರ ಒಡೆತನಕ್ಕೆ ಕಂಪನಿ ಸರ್ಕಾರ 1843ರಲ್ಲೇ ಕಾನೂನಿನ ಮಾನ್ಯತೆ ತೆಗೆಯಿತು. ಒಡೆತನದ ಜಾಗದಲ್ಲಿ ಸಾಲ ಬಂದು ಕುಳಿತಿತು. ಅಸ್ಪೃಶ್ಯತೆಯನ್ನು ಗಾಂಧೀಜಿ ಸ್ವರಾಜ್ಯದ ಪ್ರಶ್ನೆಯಾಗಿಸಿದರು ನಿಜ, ಆದರೆ ಸಾಲವೂ ಭೂಮಿಯೂ ಹಿಂದೆ ಉಳಿದವು. ಉರ್ದುವಿನಲ್ಲಿ ‘ಗುಲಾಮಿ’, ಕನ್ನಡದಲ್ಲಿ ‘ದಾಸ್ಯ’ ಎಂದು ವೇದಿಕೆಗಳಲ್ಲಿ ಗುಡುಗಿದಾಗ ಅದರ ಅರ್ಥ ಇಂಗ್ಲಿಷರ ಆಳ್ವಿಕೆ. ಹಿತ್ತಲಿನ ಜೀತದಾಳು ಆ ಮಾತಿನೊಳಗೆ ಬರಲಿಲ್ಲ. (ಜಕಾತಿನ ಎಂಟು ಬಾಬತ್ತುಗಳಲ್ಲಿ ಗುಲಾಮರ ಬಿಡುಗಡೆಯೂ ಇದೆ, ಸಾಲಗಾರರೂ ಇದ್ದಾರೆ. ನಮ್ಮ ರಮಜಾನ್ ಪ್ರವಚನಗಳು ಮೊದಲನೆಯದನ್ನು ಇತಿಹಾಸವೆಂದು ದಾಟಿಬಿಡುತ್ತವೆ.)

1974ರಲ್ಲಿ ದೇವರಾಜ ಅರಸರ ಭೂಸುಧಾರಣೆ ಬಂತು. 1975ರ ಅಕ್ಟೋಬರಿನಲ್ಲಿ ಜೀತಪದ್ಧತಿ ರದ್ದತಿಯ ಸುಗ್ರೀವಾಜ್ಞೆ ಹೊರಟಿತು. ಅದು ತುರ್ತುಪರಿಸ್ಥಿತಿಯ ಕಾಲ. ಮಿಕ್ಕವರ ಸ್ವಾತಂತ್ರ್ಯ ಅಮಾನತ್ತಾಗಿದ್ದಾಗ ಜೀತದವನಿಗೆ ಕಾಗದದ ಮೇಲೆ ಬಿಡುಗಡೆ ಸಿಕ್ಕಿತು! ಬಿ.ವಿ. ಕಾರಂತರ ‘ಚೋಮನ ದುಡಿ’ ಚಿತ್ರವೂ 1975ರದೇ. ವಾಸುದೇವ ರಾವ್ ಶ್ರೇಷ್ಠ ನಟರಾದರು, ಚಿತ್ರಕ್ಕೆ ಸ್ವರ್ಣಕಮಲ ಬಂತು.

ಈಗ ಸಂಜಯನಗರದಲ್ಲಿ ಹಳೆಯ ಮನೆ ಕೆಡವಿ ಅಪಾರ್ಟ್‌ಮೆಂಟ್ ಏಳಿಸುವ ಕಡೆ ನಿಂತರೆ ‘ಅಡ್ವಾನ್ಸ್’ ಎಂಬ ಮಾತು ಕಿವಿಗೆ ಬೀಳುತ್ತದೆ. ಮುಂಗಡ ಪಡೆದವರೆಲ್ಲ ಜೀತದವರಲ್ಲ. ಆದರೆ ತೀರುವವರೆಗೆ ಬಿಟ್ಟು ಹೋಗುವಂತಿಲ್ಲ ಎಂದಾದರೆ ಆ ಕಾನೂನಿನ ಪ್ರಕಾರ ಅದು ಜೀತವೇ. ಕಥೆ ಬರೆಯುವ ನಾವು ಆ ಕೂಲಿಯವನ ಊರು, ಭಾಷೆ, ಹೆಂಡತಿಯ ಕಣ್ಣೀರು ಎಲ್ಲವನ್ನೂ ಬರೆಯುತ್ತೇವೆ. ಪಡೆದ ಮುಂಗಡವೆಷ್ಟು, ತೀರಿದ್ದೆಷ್ಟು ಎಂಬುದನ್ನು ಬಿಟ್ಟುಬಿಡುತ್ತೇವೆ. ಕಾರಂತರು ಬಿಟ್ಟಿರಲಿಲ್ಲ.